ಹಲಸಿನ ಮೇಣ, ಜೋನಿ ಬೆಲ್ಲ ಮತ್ತು ಅಮ್ಮನ ಭುಜದ ಪಟ್ಟಿ

ಪ್ರಶ್ನೆ: ಮೇಡಂ, ನಮ್ಮೂರು ತೀರ್ಥಹಳ್ಳಿ ಹತ್ತಿರ. ನಾನು ಶಿವಮೊಗ್ಗದಲ್ಲಿ ಬಿ.ಫಾರ್ಮ್ ಕೊನೆಯ ವರ್ಷದಲ್ಲಿದ್ದೇನೆ. ಅಡಿಕೆ ಸುಲಿಯುವ ಕಾಲ ಬಂತೆಂದರೆ ಅಮ್ಮನಿಗೆ ಭುಜ, ಮಣಿಕಟ್ಟು ಎರಡೂ ಹಿಡಿದುಕೊಳ್ಳುತ್ತವೆ. ಡೈಕ್ಲೋಫೆನಾಕ್ ಮಾತ್ರೆ ತಗೊಂಡರೆ ಹೊಟ್ಟೆ ಉರಿ. ಮೆಡಿಕಲ್ ಶಾಪಿನಿಂದ ನೋವಿನ ಪ್ಯಾಚ್ ತಂದು ಹಚ್ಚಿದರೆ ಮಧ್ಯಾಹ್ನದೊಳಗೆ ಅಂಚು ಎದ್ದು ಸೆರಗಿಗೆ ಅಂಟಿಕೊಂಡಿರುತ್ತದೆ. ಔಷಧವನ್ನು ಅಂಟಿಗೆ ಬೆರೆಸಿ ಬಟ್ಟೆಗೆ ಬಳಿದರೆ ಮುಗಿಯಿತಲ್ಲ, ಇದಕ್ಕೆ ವರ್ಷಗಟ್ಟಲೆ ಸಂಶೋಧನೆ ಏಕೆ? ಲಕ್ಕಿ ಸೊಪ್ಪಿನ ಸಾರ ಹಾಕಿ ಅಮ್ಮನಂಥವರಿಗೆ ಆಗುವ ಪ್ಯಾಚ್ ಒಂದನ್ನು ನನ್ನ ಪ್ರಾಜೆಕ್ಟ್ ಆಗಿ ಮಾಡಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಪ್ರಾಜೆಕ್ಟ್ ಮಾಡಿ. ಆದರೆ ಅದನ್ನು ಅಮ್ಮನಿಗೆ ಹಚ್ಚಬೇಡಿ. ಯಾಕೆ ಅಂತ ಹೇಳಲು ಸ್ವಲ್ಪ ಜಾಗ ಬೇಕು.

ನಮ್ಮೂರು ಹೊಸನಗರದ ಕಡೆ. ಸುಲಿಯುವ ಕಾಲದಲ್ಲಿ ನಮ್ಮ ಜಗಲಿಯಲ್ಲೂ ರಾತ್ರಿ ಹನ್ನೊಂದರವರೆಗೆ ಲೈಟು ಉರಿಯುತ್ತಿತ್ತು. ಸಾಲಾಗಿ ಮೆಟ್ಟುಗತ್ತಿ, ಮುಂದೆ ಹಸಿ ಅಡಿಕೆ ರಾಶಿ. ಕಾಯಿಯನ್ನು ಕತ್ತಿಗೆ ಒತ್ತಿ ತಿರುಗಿಸುವ ಆ ಒಂದೇ ಚಲನೆಯನ್ನು ಒಂದು ರಾತ್ರಿಗೆ ಎಷ್ಟು ಸಾವಿರ ಸಲ ಮಾಡುತ್ತಾರೋ, ಲೆಕ್ಕ ಇಟ್ಟವರಿಲ್ಲ. ನಿಮ್ಮ ಅಮ್ಮನ ಭುಜ ಯಾಕೆ ನೋಯುತ್ತದೆ ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಓದು ಮುಗಿಸಿ ಈ ಪಟ್ಟಿಗಳ, ಅಂದರೆ ನೀವು ಹೇಳುವ ಪ್ಯಾಚ್‌ಗಳ, ಕೆಲಸಕ್ಕೇ ಸೇರಿದೆ. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಆಯಿತು. ಮಾತ್ರೆ ಮಾಡುವವರ ಹತ್ತಿರ ಕೂತರೆ ಅವರು ಔಷಧದ ಬಗ್ಗೆ ಮಾತಾಡುತ್ತಾರೆ. ಪಟ್ಟಿ ಮಾಡುವ ನಮ್ಮ ಹತ್ತಿರ ಕೂತು ನೋಡಿ, ಬರೀ ಅಂಟಿನ ಬಗ್ಗೆ ಗೊಣಗುತ್ತೇವೆ. "ಅಂಟಿಗೆ ಬೆರೆಸಿ ಬಟ್ಟೆಗೆ ಬಳಿದರೆ ಮುಗಿಯಿತಲ್ಲ" ಎಂದು ನೀವು ಒಂದು ಸಾಲಲ್ಲಿ ಬರೆದಿರಿ. ನಮ್ಮ ವರ್ಷಗಳೆಲ್ಲ ಹೋಗುವುದು ಆ ಸಾಲಿನೊಳಗೇ.

ಮೊದಲು ಚರ್ಮ. ಅದರ ಎಲ್ಲಕ್ಕಿಂತ ಮೇಲಿನ ಪದರ ಸತ್ತ ಕೋಶಗಳದ್ದು. ದಪ್ಪ ಹೆಚ್ಚಿನ ಕಡೆ 10ರಿಂದ 20 ಮೈಕ್ರಾನ್, ತಲೆಕೂದಲಿಗಿಂತ ತೆಳು. ಆದರೂ ಮಲೆನಾಡಿನ ಮಳೆಯಲ್ಲಿ ದಿನವಿಡೀ ನೆಂದರೂ ನೀರು ಮೈಯೊಳಗೆ ಇಳಿಯದಂತೆ ತಡೆಯುವುದು ಇದೇ. ನಮ್ಮ ಹಳೇ ಮನೆಗಳ ಜಂಬಿಟ್ಟಿಗೆ ಗೋಡೆ ನೆನಪಿಸಿಕೊಳ್ಳಿ. ಸತ್ತ ಕೋಶಗಳು ಇಟ್ಟಿಗೆ. ಸಂದಿನಲ್ಲಿ ತುಂಬಿರುವ ಗಾರೆ ಎಂದರೆ ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನ ಆಮ್ಲಗಳು, ಎಲ್ಲ ಜಿಡ್ಡಿನ ಜಾತಿ. ಔಷಧದ ಅಣು ಇಟ್ಟಿಗೆ ಕೊರೆದುಕೊಂಡು ಹೋಗುವುದು ಕಡಿಮೆ. ಗಾರೆಯ ಸಂದಿಯಲ್ಲೇ ಸುತ್ತಿ ಬಳಸಿ ನುಸುಳುತ್ತದೆ. ಹಾಗಾಗಿ ಅದು ಜಿಡ್ಡಿನಲ್ಲಿ ಕರಗಬೇಕು. ಆ ಪದರ ದಾಟಿದ ಮೇಲೆ ಸಿಗುವುದು ಜೀವಂತ ಚರ್ಮ, ಅಲ್ಲಿ ನೀರೇ ಜಾಸ್ತಿ. ಹಾಗಾಗಿ ನೀರಿನಲ್ಲೂ ಸ್ವಲ್ಪ ಕರಗಬೇಕು. ಗಾತ್ರವೂ ಚಿಕ್ಕದಿರಬೇಕು. ಅಣುತೂಕ 500 ಡಾಲ್ಟನ್ ದಾಟಿದರೆ ಚರ್ಮ ಒಳಗೆ ಬಿಡುವುದು ಕಷ್ಟ ಎಂದು ಬಾಸ್ ಮತ್ತು ಮೈನಾರ್ಡಿ ಎಂಬಿಬ್ಬರು 2000ದಲ್ಲಿ ಬರೆದರು. ನಾವು ಇವತ್ತಿಗೂ ಮೊದಲು ನೋಡುವುದು ಅದನ್ನೇ. ನೋವಿನ ಔಷಧಗಳಲ್ಲಿ ಡೈಕ್ಲೋಫೆನಾಕ್ 296, ಕೀಟೋಪ್ರೊಫೆನ್ 254, ಐಬುಪ್ರೊಫೆನ್ 206. ಗಾತ್ರದಲ್ಲಿ ಮೂರೂ ಪಾಸು.

ಮಾತ್ರೆಯಲ್ಲಿರುವುದು ಮಾತ್ರ ಸಾಮಾನ್ಯವಾಗಿ ಡೈಕ್ಲೋಫೆನಾಕ್ ಸೋಡಿಯಂ. ಅದರ ಬಹುಪಾಲು ಅಣುಗಳು ಚರ್ಮದ ಮೇಲೆ ವಿದ್ಯುತ್ ಅಂಶ ಹೊತ್ತ ಅಯಾನುಗಳಾಗಿ ನಿಲ್ಲುತ್ತವೆ, ಜಿಡ್ಡಿನ ಗಾರೆ ಅವನ್ನು ಒಳಗೆ ಸೇರಿಸುವುದಿಲ್ಲ. ಅದಕ್ಕೇ ಪಟ್ಟಿಗಳಲ್ಲಿ, ಜೆಲ್‌ಗಳಲ್ಲಿ ಎಪೋಲಮೀನ್ ಅಥವಾ ಡೈಎಥಿಲಮೀನ್ ಲವಣ ಬಳಸುತ್ತಾರೆ. ಅವಕ್ಕೆ ನೀರೂ ಆಗುತ್ತದೆ, ಜಿಡ್ಡೂ ಆಗುತ್ತದೆ. ಮಾತ್ರೆ ಕುಟ್ಟಿ ಪುಡಿ ಮಾಡಿದರೆ ಜೊತೆಗೆ ಪಿಷ್ಟ, ಟಾಲ್ಕ್, ಮೇಲಿನ ಲೇಪ ಎಲ್ಲ ಬರುತ್ತವೆ. ಅಂಟು ಮಣ್ಣುಮಣ್ಣಾಗುತ್ತದೆ. ಅಲ್ಲಿಗೆ ಆ ದಾರಿ ಮುಚ್ಚಿತು.

ಇನ್ನು ಎಷ್ಟು ಔಷಧ ಕಳಿಸಬಹುದು ಅನ್ನುವ ಲೆಕ್ಕ. ಔಷಧ ರಕ್ತಕ್ಕೆ ಸೇರಲಿ ಅಂತಲೇ ಮಾಡಿದ ಮೊದಲ ಪಟ್ಟಿಗೆ ಅಮೆರಿಕದಲ್ಲಿ 1979ರಲ್ಲಿ ಒಪ್ಪಿಗೆ ಸಿಕ್ಕಿತು. ಪ್ರಯಾಣದಲ್ಲಿ ವಾಂತಿ ಬರದಂತೆ ಕಿವಿಯ ಹಿಂದೆ ಹಚ್ಚುವ ಸ್ಕೋಪೊಲಮೀನ್ ಅದು. ಆಗುಂಬೆ ಘಾಟಿಯ ತಿರುವುಗಳಲ್ಲಿ ನಿಂಬೆಹಣ್ಣು ಮೂಸುತ್ತಾ ಕೂರುವವರಿಗೆ ಹೇಳಿ ಮಾಡಿಸಿದ ಹಾಗಿದೆ. ಮೂರು ದಿನದಲ್ಲಿ ಅದು ಕೊಡುವುದು ಸುಮಾರು 1 ಮಿಲಿಗ್ರಾಂ. ಸಿಗರೇಟು ಬಿಡುವವರ ನಿಕೋಟಿನ್ ಪಟ್ಟಿ ದಿನಕ್ಕೆ 21 ಮಿಲಿಗ್ರಾಂ ಕೊಡುತ್ತದೆ, ನಮ್ಮ ಕಸುಬಿನಲ್ಲಿ ಅದೇ ದೊಡ್ಡ ಅಂಕಿ. ಡೈಕ್ಲೋಫೆನಾಕ್ ಮಾತ್ರೆಯಾದರೆ ದಿನಕ್ಕೆ 100ರಿಂದ 150 ಮಿಲಿಗ್ರಾಂ ನುಂಗುತ್ತಾರೆ. ಅಷ್ಟನ್ನು ಚರ್ಮದಿಂದ ಕಳಿಸಲು ಅಂಗಿಯಷ್ಟು ದೊಡ್ಡ ಪಟ್ಟಿ ಹಚ್ಚಿದರೂ ಸಾಲದು.

ಹಾಗಾದರೆ ನೋವಿನ ಪಟ್ಟಿ ಹೇಗೆ ಕೆಲಸ ಮಾಡುತ್ತದೆ? ಇಡೀ ಮೈಗೆ ಔಷಧ ಬೇಡ, ಪಟ್ಟಿಯ ಕೆಳಗಿನ ಜಾಗಕ್ಕೆ ಸಾಕು. ಮಾತ್ರೆ ನುಂಗಿದರೆ ಔಷಧ ರಕ್ತಕ್ಕೆ ಬಂದು ಊರೆಲ್ಲ ಸುತ್ತಿ ಭುಜಕ್ಕೆ ತಲುಪುತ್ತದೆ. ದಾರಿಯಲ್ಲಿ ಹೊಟ್ಟೆಯ ಒಳಪದರವನ್ನು ಕಾಯುವ ಪ್ರೋಸ್ಟಗ್ಲಾಂಡಿನ್‌ಗಳನ್ನೂ ತಗ್ಗಿಸುತ್ತದೆ. ಊತ ತರುವುದೂ ಅದೇ ವಸ್ತು, ಹೊಟ್ಟೆ ಕಾಯುವುದೂ ಅದೇ. ಈ ಜಾತಿಯ ಔಷಧಗಳು ಅದರ ತಯಾರಿಕೆಯನ್ನೇ ತಡೆಯುತ್ತವೆ ಎಂದು 1971ರಲ್ಲಿ ತೋರಿಸಿದ್ದು ಜಾನ್ ವೇನ್. 1982ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ನಿಮ್ಮ ಅಮ್ಮನ ಹೊಟ್ಟೆ ಉರಿಯ ಮೂಲ ಅಲ್ಲಿದೆ. ಅಮೆರಿಕದಲ್ಲಿ 2007ರಲ್ಲಿ ಒಪ್ಪಿಗೆ ಪಡೆದ ಫ್ಲೆಕ್ಟರ್ ಎಂಬ ಡೈಕ್ಲೋಫೆನಾಕ್ ಪಟ್ಟಿ ಇದೆ. ನಾಲ್ಕು ದಿನ ಬಿಡದೆ ಹಚ್ಚಿದರೂ ರಕ್ತದಲ್ಲಿ ಸಿಗುವ ಔಷಧ 50 ಮಿಲಿಗ್ರಾಂನ ಒಂದೇ ಒಂದು ಮಾತ್ರೆಯಿಂದ ಸಿಗುವುದರ 1%ಗಿಂತ ಕಡಿಮೆ.

ಅದೇ ಪಟ್ಟಿಯ ಇನ್ನೊಂದು ಅಂಕಿ ನನಗೆ ತುಂಬ ಇಷ್ಟ. ಒಳಗೆ ತುಂಬಿರುವ ಔಷಧ 180 ಮಿಲಿಗ್ರಾಂ. ಹನ್ನೆರಡು ಗಂಟೆ ಹಚ್ಚಿ ತೆಗೆದ ಮೇಲೂ 170ರವರೆಗೆ ಅದರಲ್ಲೇ ಉಳಿದಿರಬಹುದು ಎಂದು ಅದರ ಲೇಬಲ್ಲೇ ಹೇಳುತ್ತದೆ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗರಿಗೆ ಇದನ್ನು ಹೇಳಿದರೆ "ಹಾಗಾದರೆ 10 ಮಿಲಿಗ್ರಾಂ ಮಾತ್ರ ತುಂಬಿದರೆ ಆಗಲ್ವಾ ಮೇಡಂ?" ಎನ್ನುತ್ತಾರೆ. ಆಗಲ್ಲ. ನಿಜವಾದ ವಿಷಯ ಶುರುವಾಗುವುದು ಇಲ್ಲಿಂದ.

ಔಷಧವನ್ನು ಚರ್ಮಕ್ಕೆ ದೂಡುವುದು ಯಾವುದು? ಒಳಗಿರುವ ಔಷಧದ ತೂಕವಲ್ಲ. ಆ ಅಂಟಿನಲ್ಲಿ ಅದು ತನ್ನ ಕರಗುವ ಮಿತಿಗೆ ಎಷ್ಟು ಹತ್ತಿರ ಇದೆ ಅನ್ನುವುದು. ಖಾಲಿ ಬಸ್ಸಿನಲ್ಲಿ ಕೂತವರು ಬಾಗಿಲು ತೆರೆದರೂ ಹಾಯಾಗಿ ಕೂತೇ ಇರುತ್ತಾರೆ. ಫುಟ್‌ಬೋರ್ಡಿನವರೆಗೆ ತುಂಬಿದ ಬಸ್ಸಾದರೆ ಬಾಗಿಲು ತೆರೆದ ಕೂಡಲೇ ನಾಲ್ಕು ಜನ ಹೊರಗೆ ಉದುರುತ್ತಾರೆ. ಅಂಟು ಔಷಧವನ್ನು ಬಹಳ ಪ್ರೀತಿಯಿಂದ ಕರಗಿಸಿಕೊಂಡರೆ ಅದು ಖಾಲಿ ಬಸ್ಸು. ಎಷ್ಟು ತುಂಬಿದರೂ ಔಷಧ ಅಲ್ಲೇ ಇರುತ್ತದೆ. ನಮಗೆ ಬೇಕಾಗಿರುವುದು ಮಿತಿಯ ಅಂಚಿಗೆ ಬಂದು ನಿಂತ ಅಂಟು. ಹನ್ನೆರಡು ಗಂಟೆಯ ಕೊನೆಗೂ ಅದು ಅಂಚಿನಲ್ಲೇ ಇರಬೇಕು, ಹಾಗಾಗಿ ಹಿಂದೆ ಅಷ್ಟು ದಾಸ್ತಾನು ಬೇಕು.

ಅಂಚಿನಲ್ಲಿ ನಿಲ್ಲುವುದಕ್ಕೂ ಒಂದು ಬೆಲೆ ಇದೆ. ಜೋನಿ ಬೆಲ್ಲದ ಡಬ್ಬ ನೆನಪಿಸಿಕೊಳ್ಳಿ. ತುಂಬಿಸುವಾಗ ಜೇನಿನ ಹಾಗೆ ಹರಿಯುತ್ತದೆ. ಮಳೆಗಾಲದಲ್ಲಿ ದೋಸೆಗೆ ಅಂತ ಸೌಟು ಇಳಿಸಿದರೆ ತಳದಲ್ಲಿ ಹರಳು ಕಟ್ಟಿರುತ್ತದೆ, ಮೇಲೆ ನೀರು ನೀರು. ಪಟ್ಟಿಯಲ್ಲೂ ಇದೇ ಆಗುತ್ತದೆ. ತಯಾರಿಸಿದ ದಿನ ಗಾಜಿನ ಹಾಗಿದ್ದ ಅಂಟಿನಲ್ಲಿ ಮೂರು ತಿಂಗಳಿಗೆ ಸೂಜಿಯಂಥ ಹರಳು ಮೂಡುತ್ತದೆ. ಹರಳಾದ ಔಷಧ ಚರ್ಮ ದಾಟುವುದಿಲ್ಲ. ಇದು ನಮ್ಮಂಥ ಸಣ್ಣವರಿಗೆ ಮಾತ್ರ ಆಗುವ ಅವಾಂತರವಲ್ಲ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ರೊಟಿಗೋಟಿನ್ ಪಟ್ಟಿಯಲ್ಲಿ ಹರಳು ಕಾಣಿಸಿಕೊಂಡು 2008ರಲ್ಲಿ ಅಮೆರಿಕದ ಮಾರುಕಟ್ಟೆಯಿಂದಲೇ ಅದನ್ನು ವಾಪಸು ತೆಗೆದರು. ಸೂತ್ರ ಬದಲಿಸಿ ಮತ್ತೆ ತರುವಷ್ಟರಲ್ಲಿ 2012 ಬಂದಿತ್ತು. ಹರಳು ಕಟ್ಟದಂತೆ ತಡೆಯಲು ನಾವು ಪಾಲಿವಿನೈಲ್ ಪೈರೊಲಿಡೋನ್ ಬೆರೆಸುತ್ತೇವೆ. ಅಡುಗೆಯವರು ಸಕ್ಕರೆ ಪಾಕಕ್ಕೆ ನಿಂಬೆರಸ ಹಿಂಡುತ್ತಾರಲ್ಲ, ಉದ್ದೇಶ ಅದೇ.

ಈಗ ಅಂಟು. ಹಲಸಿನ ಮೇಣ ಗೊತ್ತಲ್ಲ? ನಮ್ಮ ಕಸುಬಿನ ಮುಕ್ಕಾಲು ಪಾಠ ಅದರಲ್ಲಿದೆ. ಗೋಂದು, ಫೆವಿಕಾಲ್ ಇವೆಲ್ಲ ಒಣಗಿ ಗಟ್ಟಿಯಾಗಿ ಹಿಡಿಯುತ್ತವೆ. ಮೇಣ ಒಣಗುವುದಿಲ್ಲ, ಸುಮ್ನೆ ಒತ್ತಿದರೆ ಸಾಕು. ನಿಧಾನಕ್ಕೆ ಒತ್ತಿದರೆ ದ್ರವದ ಹಾಗೆ ಹರಡಿ ಬೆರಳಿನ ಗೆರೆಗಳಿಗೆಲ್ಲ ಇಳಿಯುತ್ತದೆ, ಜೋರಾಗಿ ಎಳೆದರೆ ರಬ್ಬರಿನ ಹಾಗೆ ಎದುರು ನಿಲ್ಲುತ್ತದೆ. ಪಟ್ಟಿಯ ಅಂಟೂ ಹೀಗೇ ಇರಬೇಕು. ವ್ಯತ್ಯಾಸ ಒಂದೇ, ತೆಗೆಯುವಾಗ ಮೇಣದ ಹಾಗೆ ಅರ್ಧ ಕೈಯಲ್ಲೇ ಉಳಿಯಬಾರದು, ಕೂದಲು ಕೀಳಬಾರದು. ಇದಕ್ಕಾಗಿ ಮುಖ್ಯವಾಗಿ ಮೂರು ಬಗೆಯ ಅಂಟುಗಳಿವೆ: ಅಕ್ರಿಲೇಟ್, ಪಾಲಿಐಸೊಬ್ಯುಟಿಲೀನ್, ಸಿಲಿಕೋನ್. ಅಕ್ರಿಲೇಟ್ ಔಷಧವನ್ನು ಚೆನ್ನಾಗಿ ಕರಗಿಸಿಕೊಳ್ಳುತ್ತದೆ, ಕೆಲವು ಸಲ ಬಿಡುವುದೇ ಇಲ್ಲ. ಸಿಲಿಕೋನ್ ಚರ್ಮಕ್ಕೆ ಹಿತ, ದುಬಾರಿ, ಔಷಧ ಕರಗುವುದು ಕಡಿಮೆ.

ಹಲಸು ಹೆಚ್ಚುವ ಮೊದಲು ಕೈಗೆ, ಕತ್ತಿಗೆ ಕೊಬ್ಬರಿ ಎಣ್ಣೆ ಸವರುತ್ತೇವೆ. ಯಾಕೆ? ಎಣ್ಣೆ ಸೇರಿದರೆ ಮೇಣ ಹಿಡಿತ ಬಿಡುತ್ತದೆ. ಪಟ್ಟಿ ಮಾಡುವವರ ಗೋಳು ಇಲ್ಲಿದೆ. ಚರ್ಮದ ಗಾರೆಯನ್ನು ಸ್ವಲ್ಪ ಸಡಿಲ ಮಾಡಿ ಔಷಧಕ್ಕೆ ದಾರಿ ಬಿಡಿಸಲು ನಾವು ಬೆರೆಸುವ ಓಲಿಯಿಕ್ ಆಮ್ಲ, ಐಸೊಪ್ರೊಪೈಲ್ ಮಿರಿಸ್ಟೇಟ್, ಮೆಂಥಾಲ್ ಎಲ್ಲವೂ ಎಣ್ಣೆಯ ಜಾತಿ. ಚರ್ಮದ ಬಾಗಿಲು ತೆರೆಯುವುದೇ ಅಂಟಿನ ಕೈಯನ್ನೂ ಸಡಿಲಿಸುತ್ತದೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ನಾನು ಒಂದು ಕೀಟೋಪ್ರೊಫೆನ್ ಪಟ್ಟಿಗೆ ಓಲಿಯಿಕ್ ಆಮ್ಲ ಕೈಬಿಟ್ಟು ಹಾಕಿದೆ. ಔಷಧ ದಾಟುವ ವೇಗ ನೋಡಿ ಕುಣಿದಾಡಿದ್ದೆ. ಮೇಲಿನವರಿಗೆ ಫೋನ್ ಕೂಡ ಮಾಡಿಬಿಟ್ಟೆ. ಒಂದೂವರೆ ತಿಂಗಳ ಮೇಲೆ, ಬಾಳಿಕೆ ಪರೀಕ್ಷಿಸಲು ಇಡುವ 40 ಡಿಗ್ರಿ ಪೆಟ್ಟಿಗೆಯಿಂದ ಪೊಟ್ಟಣ ತೆಗೆದು ಹರಿದರೆ ಪಟ್ಟಿ ಹೊರಗೆ ಬರಲೊಲ್ಲದು. ಅಂಟು ಅಂಚಿನಿಂದ ಹೊರಗೆ ಹರಿದು ಪೊಟ್ಟಣದ ಒಳಮೈಗೆ ಹಿಡಿದಿತ್ತು. ಅದೇ ಅಂಟಿನ ಖಾಲಿ ಪಟ್ಟಿಯೊಂದನ್ನು ನನ್ನದೇ ತೋಳಿಗೆ ಹಚ್ಚಿ ನೋಡಿದೆ. ಔಷಧ ಇಲ್ಲದ್ದು, ಹೆದರಬೇಡಿ. ಸಂಜೆಯಷ್ಟರಲ್ಲಿ ಅದು ಎರಡು ಬೆರಳು ಕೆಳಗೆ ಜಾರಿ ಸುತ್ತ ಕಪ್ಪು ಚೌಕಟ್ಟು ಬಿಟ್ಟಿತ್ತು. ಧೂಳು ಹಿಡಿದ ಅಂಟು. ಎರಡು ದಿನ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದ ಮೇಲೆ ಹೋಯಿತು. ಅಮ್ಮ ನೋಡಿ "ಹಲಸು ಹೆಚ್ಚಿದ್ಯೇನೇ?" ಅಂದಿದ್ದರು.

ಕೀಟೋಪ್ರೊಫೆನ್ ಬಂತಲ್ಲ, ಒಂದು ಮಾತು. ಅದು ಹಚ್ಚಿದ ಜಾಗಕ್ಕೆ ಬಿಸಿಲು ಬಿದ್ದರೆ ಕೆಲವರಿಗೆ ಚರ್ಮ ಸುಟ್ಟ ಹಾಗೆ ಬೊಬ್ಬೆ ಬರುತ್ತದೆ. ಪಟ್ಟಿ ತೆಗೆದ ಮೇಲೂ ಎರಡು ವಾರ ಆ ಜಾಗವನ್ನು ಬಿಸಿಲಿಗೆ ಒಡ್ಡಬಾರದು. ಗದ್ದೆಯಲ್ಲಿ, ಅಡಿಕೆ ಒಣಗಿಸುವ ಅಂಗಳದಲ್ಲಿ ಕೆಲಸ ಮಾಡುವವರಿಗೆ ಇದು ನಡೆಯುವ ಮಾತಾ? ನಾನಾದರೆ ಕೊಡುವುದಿಲ್ಲ.

ಮೇಲೆ ಹೇಳಿದ ಫ್ಲೆಕ್ಟರ್ ಇನ್ನೊಂದು ಜಾತಿ, ನೀರು ತುಂಬಿದ ಜೆಲ್ ಪಟ್ಟಿ. 10 ಸೆಂ.ಮೀ.ಗೆ 14 ಸೆಂ.ಮೀ. ಅಳತೆ, ಅದರ ಮೇಲೆ ಸುಮಾರು 14 ಗ್ರಾಂ ಜೆಲ್. ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 1 ಮಿಲಿಮೀಟರ್ ದಪ್ಪ. ಅಕ್ರಿಲೇಟ್ ಪಟ್ಟಿಯ ಅಂಟು ಇದರ ಹತ್ತನೇ ಒಂದು ಭಾಗವೂ ಇರುವುದಿಲ್ಲ. ಜೆಲ್ ತಂಪಾಗಿರುತ್ತದೆ, ಚರ್ಮವನ್ನು ಒದ್ದೆ ಮಾಡಿ ಗಾರೆಯನ್ನು ಸಡಿಲಿಸುತ್ತದೆ. ಆದರೆ ಹಿಡಿತ ಕಮ್ಮಿ, ಭಾರ ಜಾಸ್ತಿ. ಪೊಟ್ಟಣ ತೆರೆದಿಟ್ಟರೆ ಬೇಸಿಗೆಯಲ್ಲಿ ಅಂಚು ಒಣಗಿ ಹಪ್ಪಳದ ಹಾಗೆ ಸುರುಳುತ್ತದೆ. ಆಷಾಢದಲ್ಲಿ, ಬೀರುವಿನಲ್ಲಿಟ್ಟ ಬಟ್ಟೆಗೂ ಬೂಷ್ಟು ಬರುವ ನಮ್ಮ ಹವೆಯಲ್ಲಿ, ಜೆಲ್ ಗಾಳಿಯ ತೇವ ಎಳೆದುಕೊಂಡು ಮೆತ್ತಗಾಗುತ್ತದೆ. ನೀವು ತಂದದ್ದು ದಪ್ಪ, ಬಿಳಿ, ತಂಪು ಪಟ್ಟಿಯಾಗಿದ್ದರೆ ಇದೇ ಜಾತಿ ಇರಬೇಕು.

ಪರೀಕ್ಷೆಯ ವಿಷಯಕ್ಕೆ ಬರುತ್ತೇನೆ, ನಿಮ್ಮ ಪ್ರಾಜೆಕ್ಟಿಗೆ ಇದು ನೇರ ಬೇಕು. ಫ್ರಾಂಜ್ ಸೆಲ್ ನಿಮ್ಮ ಲ್ಯಾಬಿನಲ್ಲಿ ಇದ್ದೀತು. ಕೆಳಗೆ ಪಿಎಚ್ 7.4ರ ಬಫರ್ ತುಂಬಿದ ಗಾಜಿನ ಬಟ್ಟಲು, ಬಾಯಿಗೆ ಚರ್ಮ, ಅದರ ಮೇಲೆ ಪಟ್ಟಿ. ಚರ್ಮದ ಮೇಲ್ಮೈ 32 ಡಿಗ್ರಿ ಇರಬೇಕು. ಗಂಟೆಗೊಮ್ಮೆ ಕೆಳಗಿನಿಂದ ಅಷ್ಟಿಷ್ಟು ತೆಗೆದು ಔಷಧ ಎಷ್ಟು ಇಳಿದಿದೆ ನೋಡುವುದು. ಚರ್ಮದ ಕೆಳಗೆ ಒಂದು ಗಾಳಿಗುಳ್ಳೆ ಉಳಿದರೆ ಆ ಸೆಲ್‌ನ ಲೆಕ್ಕ ಕಸಕ್ಕೆ. ಸೆಲ್ ಓರೆ ಮಾಡಿ, ಬೆರಳಿನಲ್ಲಿ ಟಕ್ ಟಕ್ ತಟ್ಟಿ ಗುಳ್ಳೆ ಓಡಿಸುವುದನ್ನು ಮೊದಲ ವಾರ ಬರೀ ಅಭ್ಯಾಸ ಮಾಡಿ.

ಚರ್ಮ ಯಾವುದು? ಮನುಷ್ಯರ ಚರ್ಮಕ್ಕೆ ಹತ್ತಿರ ಇರುವುದು ಹಂದಿಯ ಕಿವಿ. ಮಾಂಸದಂಗಡಿಯಲ್ಲಿ ಸಿಗುತ್ತದೆ. ನಾನು ಓದುವಾಗ ಬೆಳಿಗ್ಗೆ ಐದೂವರೆಗೆ ಸ್ಟೀಲಿನ ಡಬ್ಬ ಹಿಡಿದು ಹಂದಿ ಅಂಗಡಿಗೆ ಹೋಗುತ್ತಿದ್ದೆ. ಅದೇ ಡಬ್ಬ ಮನೆಯಿಂದ ಚಟ್ನಿಪುಡಿ ತುಂಬಿ ಕಳಿಸಿದ್ದು ಅಂತ ಅಜ್ಜಿಗೆ ಗೊತ್ತಾಗಿದ್ದರೆ ನನಗೆ ಆಮೇಲೆ ಬಚ್ಚಲಲ್ಲೇ ಊಟ. ಮೊದಲ ಸಲ ತಂದ ಕಿವಿಗಳಲ್ಲಿ ಔಷಧ ಜರಡಿಯಲ್ಲಿ ನೀರು ಸೋರಿದ ಹಾಗೆ ಸೋರಿತು. ಮೂರು ದಿನ ತಲೆ ಕೆಡಿಸಿಕೊಂಡೆ. ಕಾರಣ ಅಂಗಡಿಯವರಿಗೇ ಗೊತ್ತಿತ್ತು. ಕೂದಲು ತೆಗೆಯಲು ಅವರು ಹಂದಿಯ ಮೇಲೆ ಬಿಸಿನೀರು ಸುರಿಯುತ್ತಾರೆ. ಮೇಲ್ಚರ್ಮ ಬಿಡಿಸಬೇಕೆಂದಾಗ ನಾವೇ ಲ್ಯಾಬಿನಲ್ಲಿ ಚರ್ಮವನ್ನು 60 ಡಿಗ್ರಿ ನೀರಿನಲ್ಲಿ ಒಂದು ನಿಮಿಷ ಅದ್ದುತ್ತೇವೆ, ಅಷ್ಟಕ್ಕೇ ಪದರ ಎದ್ದು ಬರುತ್ತದೆ. ಕುದಿನೀರು ಬಿದ್ದ ಕಿವಿಯಲ್ಲಿ ಇನ್ನೇನು ತಡೆ ಉಳಿದೀತು? "ಬಿಸಿನೀರು ಹಾಕೋಕೆ ಮುಂಚೆ ಕಿವಿ ಕೊಯ್ದಿಡಣ್ಣ" ಅಂತ ಹಿಂದಿನ ದಿನವೇ ಹೇಳಿಡಿ. ಇದು ನಿಮ್ಮ ಪುಸ್ತಕದಲ್ಲಿ ಸಿಗಲಿಕ್ಕಿಲ್ಲ. ಕಾಲೇಜಿನ ನೈತಿಕ ಸಮಿತಿಯನ್ನೂ ಒಂದು ಮಾತು ಕೇಳಿಕೊಳ್ಳಿ.

ಅಂಟಿನ ಪರೀಕ್ಷೆ ಬೇರೆ. ಸ್ಟೀಲ್ ತಟ್ಟೆಗೆ ಹಚ್ಚಿ ಯಂತ್ರದಿಂದ ಎಳೆದು ಬಲ ಅಳೆಯುತ್ತೇವೆ, ತೂಕ ನೇತು ಹಾಕಿ ಎಷ್ಟು ಹೊತ್ತಿಗೆ ಜಾರುತ್ತದೆ ನೋಡುತ್ತೇವೆ. ಸ್ಟೀಲ್ ತಟ್ಟೆ ಬೆವರುವುದಿಲ್ಲ, ಅಡಿಕೆಯನ್ನೂ ಸುಲಿಯುವುದಿಲ್ಲ. ಕೊನೆಗೆ ಜನರ ಮೈಮೇಲೆ ಹಚ್ಚಿಯೇ 0ಯಿಂದ 4ರವರೆಗೆ ಅಂಕ ಕೊಡುವುದು. 90% ಅಥವಾ ಅದಕ್ಕಿಂತ ಜಾಸ್ತಿ ಹಿಡಿದಿದ್ದರೆ 0, ಪೂರ್ತಿ ಬಿದ್ದುಹೋದರೆ 4. ಇಲ್ಲಿ ಸೊನ್ನೆ ತೆಗೆದವನೇ ಜಾಣ. ನಿಮ್ಮ ಅಮ್ಮನ ಪಟ್ಟಿಗೆ ನಾನು 3 ಕೊಡುತ್ತೇನೆ.

ಆ 3ನ್ನು ಇಳಿಸಲು ಸಂಶೋಧನೆ ಬೇಡ, ಒಂದು ಸಾಬೂನು ಸಾಕು. ಅಮ್ಮ ಮೈಕೈಗೆ ಎಣ್ಣೆ ಹಚ್ಚುತ್ತಾರಾ ಕೇಳಿ. ನಮ್ಮ ಕಡೆ ನೋವು ಅಂದ ಕೂಡಲೇ ಮೊದಲು ಎಣ್ಣೆ ತಿಕ್ಕಿ, ಆಮೇಲೆ ಅದರ ಮೇಲೇ ಪಟ್ಟಿ ಹಚ್ಚುವವರೇ ಜಾಸ್ತಿ. ಮೇಣದ ಕಥೆ ಹೇಳಿದೆನಲ್ಲ. ಸಾಬೂನಿನಿಂದ ತೊಳೆದು ಪೂರ್ತಿ ಒಣಗಲು ಬಿಡಬೇಕು. ಬಿಸಿನೀರು ಸ್ನಾನ ಮಾಡಿದ ತಕ್ಷಣ ಬೇಡ, ಮೈ ಇನ್ನೂ ಬೆವರುತ್ತಿರುತ್ತದೆ. ಅಂಗೈಯಿಂದ ಒಂದು ನಿಮಿಷ ಒತ್ತಿ ಹಿಡಿಯಬೇಕು. ನಿಧಾನಕ್ಕೆ ಒತ್ತಿದರೆ ತಾನೇ ಅಂಟು ಗೆರೆಗಳಿಗೆ ಇಳಿಯುವುದು. ಭುಜದ ಮಡಿಕೆಯ ಮೇಲೆ ಹಚ್ಚಬೇಡಿ, ಕೈಯೆತ್ತಿದಾಗ ಚರ್ಮ ಎಳೆದು ಅಂಚು ಎಬ್ಬಿಸುತ್ತದೆ. ಅಂಚು ಎದ್ದರೆ ಅಂಚಿಗಷ್ಟೇ ಪೇಪರ್ ಟೇಪು ಹಚ್ಚಿ, ಇಲ್ಲವಾದರೆ ಗಾಳಿಯಾಡುವ ಜಾಲರಿ ಪಟ್ಟಿ ತೊಡಿಸಿ. ಪ್ಲಾಸ್ಟಿಕ್ ಸುತ್ತಬೇಡಿ. ಮೇಲೆ ಬಿಸಿನೀರಿನ ಚೀಲ ಇಡಬೇಡಿ. ಹಚ್ಚಿಕೊಂಡು ಬಚ್ಚಲ ಒಲೆ ಮುಂದೆ ಬೆನ್ನು ಕಾಯಿಸುತ್ತಾ ಕೂರುವುದೂ ಬೇಡ. ಬಿಸಿ ತಾಗಿದರೆ ಔಷಧ ಇಳಿಯುವ ವೇಗ ಲೆಕ್ಕ ತಪ್ಪುತ್ತದೆ.

ಇಷ್ಟೆಲ್ಲ ಮಾಡಿದರೂ ಪಟ್ಟಿ ಎಲ್ಲ ನೋವಿಗೂ ಆಗುವುದಿಲ್ಲ. ಉಳುಕು, ಪೆಟ್ಟು, ಸ್ನಾಯು ಹಿಡಿದದ್ದು, ಚರ್ಮಕ್ಕೆ ಹತ್ತಿರ ಇರುವ ಕೀಲು, ಇಲ್ಲೆಲ್ಲ ಚೆನ್ನಾಗಿ ಕೆಲಸ ಮಾಡುತ್ತದೆ. ಬೆನ್ನುಮೂಳೆಯ ಡಿಸ್ಕ್, ಸೊಂಟದ ಕೀಲು ಆಳದಲ್ಲಿವೆ, ಔಷಧ ಅಲ್ಲಿಗೆ ತಲುಪುವುದಿಲ್ಲ. ಹಳೆಯ ಮೊಣಕಾಲು ಸವೆತಕ್ಕೆ ಹಚ್ಚುವ ಡೈಕ್ಲೋಫೆನಾಕ್ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ಕಾಕ್ರೇನ್ ಎಂಬ, ವೈದ್ಯಕೀಯ ಪುರಾವೆ ಪರಿಶೀಲಿಸುವ ಸಂಸ್ಥೆಯವರು 2016ರಲ್ಲಿ ನೋಡಿದ್ದಾರೆ. ಔಷಧ ಹಚ್ಚಿದವರಲ್ಲಿ ಸುಮಾರು 60% ಜನರಿಗೆ ಒಳ್ಳೆಯ ಆರಾಮ ಸಿಕ್ಕಿತು. ಔಷಧವಿಲ್ಲದ ಖಾಲಿ ಮುಲಾಮು ಹಚ್ಚಿದವರಲ್ಲಿ ಸುಮಾರು 50%. ಈ ಅಂಕಿ ನೋಡಿ ನಿರಾಸೆ ಪಡುವವರಿದ್ದಾರೆ. ನನಗೆ ಅದು ಸುಮ್ನೆ ತಿಕ್ಕಿಸಿಕೊಳ್ಳುವುದರಲ್ಲೂ, ತಂಪಿನಲ್ಲೂ, ಯಾರೋ ನೋಡಿಕೊಂಡರು ಅನ್ನುವುದರಲ್ಲೂ ಎಷ್ಟು ಆರಾಮ ಇದೆ ಅಂತ ಕಾಣುತ್ತದೆ.

ಲಕ್ಕಿ ಸೊಪ್ಪಿಗೆ ಬರೋಣ. ನಮ್ಮಜ್ಜಿ ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಕೆಂಡದ ಮೇಲೆ ಬಾಡಿಸಿ, ಮಂಡಿಗೆ ಇಟ್ಟು ಬಟ್ಟೆ ಕಟ್ಟುತ್ತಿದ್ದರು. ಈ ಕಸುಬಿಗೆ ಬಂದ ಮೇಲೆ ಅದನ್ನು ನೋಡುವ ಕಣ್ಣೇ ಬೇರೆಯಾಯಿತು. ಎಲೆ ಎಂದರೆ ಬೆವರು ಹೊರಗೆ ಬಿಡದ ಹಿಂಬದಿ ಪದರ. ಎಣ್ಣೆ ಎಂದರೆ ಗಾರೆ ಸಡಿಲಿಸುವ ಮಾಧ್ಯಮ. ಮೇಲಿಂದ ಬಿಸಿ. ಪಟ್ಟಿಯ ಅಂಗಗಳೆಲ್ಲ ಅಲ್ಲಿದ್ದವು, ಅಂಟೊಂದು ಬಿಟ್ಟು. ಅದಕ್ಕೆ ಹಳೇ ಪಂಚೆಯ ತುಂಡು ಇತ್ತು. ಎಲೆಯಿಂದ ಔಷಧ ಎಷ್ಟು ಇಳಿಯುತ್ತಿತ್ತು ಅನ್ನುವುದು ಬೇರೆ ಪ್ರಶ್ನೆ.

ಸಾರದ ತೊಂದರೆ ಏನೆಂದರೆ ಅದು ಒಂದು ಅಣುವಲ್ಲ, ಸಂತೆ. ಲಕ್ಕಿಯಲ್ಲಿ ಅಗ್ನುಸೈಡ್, ನೆಗುಂಡೋಸೈಡ್, ಕ್ಯಾಸ್ಟಿಸಿನ್, ಮೇಲೆ ಆವಿಯಾಗುವ ಎಣ್ಣೆಗಳು. ಬೇಲಿಯ ಲಕ್ಕಿಗೂ ಹೊಳೆ ಬದಿಯ ಲಕ್ಕಿಗೂ, ಚೈತ್ರದ ಸೊಪ್ಪಿಗೂ ಶ್ರಾವಣದ ಸೊಪ್ಪಿಗೂ ಪ್ರಮಾಣ ಬೇರೆ. ಯಾವುದು ಚರ್ಮ ದಾಟಬೇಕು ಅಂತ ಮೊದಲು ತೀರ್ಮಾನಿಸದೆ ಫ್ರಾಂಜ್ ಸೆಲ್‌ನಲ್ಲಿ ಏನನ್ನು ಅಳೆಯುತ್ತೀರಿ? ಆ ಎಣ್ಣೆಗಳು ಅಂಟನ್ನು ಏನು ಮಾಡುತ್ತವೆ ಅಂತ ಈಗ ನಿಮಗೇ ಗೊತ್ತು. ಗಿಡದ್ದು, ಹಾಗಾಗಿ ತೊಂದರೆ ಇಲ್ಲ ಎಂದು ಮಾತ್ರ ಬರೆಯಬೇಡಿ. ಗೇರುಬೀಜದ ಸೊನೆ ತಾಗಿ ತುಟಿ ಸುಟ್ಟುಕೊಂಡ ಮಕ್ಕಳಿರುವ ಊರು ನಮ್ಮದು.

ಹಾಗಾಗಿ ನನ್ನ ಸಲಹೆ ಇಷ್ಟು. ಔಷಧ ಡೈಕ್ಲೋಫೆನಾಕ್ ಡೈಎಥಿಲಮೀನ್ ಇರಲಿ, ಅಳೆಯುವ ವಿಧಾನ ಸಿದ್ಧವಾಗಿದೆ. ಒಂದೇ ಅಕ್ರಿಲೇಟ್ ಅಂಟು ಹಿಡಿಯಿರಿ. ಲಕ್ಕಿ ಎಣ್ಣೆಯನ್ನು ಔಷಧ ಅನ್ನದೆ ದಾರಿ ಬಿಡಿಸುವ ಪದಾರ್ಥವಾಗಿ 0, 2, 5, 10% ಹಾಕಿ ನೋಡಿ. ಪ್ರತಿಯೊಂದಕ್ಕೂ ಔಷಧ ದಾಟುವ ವೇಗ ಮತ್ತು ಎಳೆಯುವ ಬಲ ಎರಡನ್ನೂ ಅಳೆದು ಒಂದೇ ಹಾಳೆಯಲ್ಲಿ ಗೆರೆ ಎಳೆಯಿರಿ. ಒಂದು ಏರುತ್ತದೆ, ಇನ್ನೊಂದು ಇಳಿಯುತ್ತದೆ ಎಂದು ನನ್ನ ಊಹೆ. ಬಳಿಯುವಾಗ ಅಂಟು ಕರಗಿಸಿದ ದ್ರಾವಕವನ್ನು ಒಣಗಿಸಲು ಅವಸರ ಬೇಡ. ಹತ್ತು ನಿಮಿಷ ಹೊರಗೇ ಬಿಟ್ಟು ಆಮೇಲೆ ಓವನ್‌ಗೆ ಹಾಕಿ, ಇಲ್ಲದಿದ್ದರೆ ಮೇಲ್ಪದರ ಮೊದಲು ಕಟ್ಟಿಕೊಂಡು ಒಳಗೆ ಗುಳ್ಳೆ ಏಳುತ್ತವೆ. ಉಳಿದ ತುಂಡುಗಳನ್ನು 75% ತೇವ ಇರುವ ಮುಚ್ಚಿದ ಗಾಜಿನ ಪಾತ್ರೆಯಲ್ಲಿ, ಅಂದರೆ ಡೆಸಿಕೇಟರ್‌ನಲ್ಲಿ ಇಟ್ಟು ವಾರಕ್ಕೊಮ್ಮೆ ಸೂಕ್ಷ್ಮದರ್ಶಕದಲ್ಲಿ ನೋಡಿ. ಉಪ್ಪಿನ ಗಟ್ಟಿ ದ್ರಾವಣ ತಳದಲ್ಲಿಟ್ಟರೆ ಆ ತೇವ ಸಿಗುತ್ತದೆ, ದುಡ್ಡು ಬೇಡ. ಮಲೆನಾಡಿನ ಮಳೆಗಾಲದಲ್ಲಿ ನಿಲ್ಲುವ ಪಟ್ಟಿ ಅಂತ ನಾಳೆ ನೀವು ಹೇಳಬೇಕಾದರೆ ಆಧಾರ ಅಲ್ಲಿಂದಲೇ ಬರಬೇಕು.

ಅಮ್ಮನಿಗೆ ಹಚ್ಚಬೇಡಿ ಅಂದದ್ದಕ್ಕೆ ಕಾನೂನೂ ಒಂದು ಕಾರಣ. ಹಳೇ ಔಷಧವನ್ನೇ ಹೊಸ ಬಗೆಯ ಪಟ್ಟಿಯಲ್ಲಿ ಕೊಟ್ಟರೂ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ ಅದು ಹೊಸ ಔಷಧವೇ. ಇನ್ನೊಂದು ಕಾರಣ ಉಳಿದ ದ್ರಾವಕ ಮತ್ತು ಪ್ರತಿಕ್ರಿಯೆ ಮುಗಿಸದ ಅಕ್ರಿಲೇಟ್ ಕಣಗಳು. ಕಾಲೇಜಿನ ಓವನ್‌ನಲ್ಲಿ ಒಣಗಿಸಿದ್ದರಲ್ಲಿ ಅವು ಎಷ್ಟಿವೆ ಅಂತ ನಿಮಗೆ ಗೊತ್ತಿರುವುದಿಲ್ಲ. ಚರ್ಮಕ್ಕೆ ಒಮ್ಮೆ ಅಲರ್ಜಿ ಹತ್ತಿದರೆ ಅದು ಜೀವಮಾನ ನೆನಪಿಟ್ಟುಕೊಳ್ಳುತ್ತದೆ.

ಅಂಗಡಿಯ ಪಟ್ಟಿಯೇ ಆದರೂ ಒಮ್ಮೆ ಡಾಕ್ಟರಿಗೆ ತೋರಿಸಿ. ಅಮ್ಮನಿಗೆ ಬಿಪಿ ಇದೆಯಾ, ಕಿಡ್ನಿ ಹೇಗಿದೆ, ರಕ್ತ ತೆಳು ಮಾಡುವ ಮಾತ್ರೆ ಇದೆಯಾ, ಆಸ್ಪಿರಿನ್ ತಗೊಂಡು ಯಾವಾಗಲಾದರೂ ಉಬ್ಬಸ ಬಂದಿತ್ತಾ, ಇವೆಲ್ಲ ಹೇಳಬೇಕು. ಪಟ್ಟಿ ಹಚ್ಚಿಕೊಂಡು ಜೊತೆಗೆ ಅದೇ ಮಾತ್ರೆಯನ್ನೂ ನುಂಗಬಾರದು. ಮಣಿಕಟ್ಟಿನ ಹತ್ತಿರ ಮೆಟ್ಟುಗತ್ತಿ ಗೀರಿದ ಗಾಯ ಇದ್ದರೆ ಅದರ ಮೇಲೆ ಬೇಡ, ಅಲ್ಲಿ ಗೋಡೆಯೇ ಇರುವುದಿಲ್ಲ.

ತೆಗೆದ ಪಟ್ಟಿಯನ್ನು ಅಂಟು ಒಳಗೆ ಬರುವಂತೆ ಮಡಚಿ ಮುಚ್ಚಳ ಇರುವ ಕಸದ ಡಬ್ಬಕ್ಕೆ ಹಾಕಿ. ಅಂಗಳದಾಚೆ ತಿಪ್ಪೆಗೆ ಎಸೆಯಬೇಡಿ. 170 ಮಿಲಿಗ್ರಾಂ ಉಳಿದಿರುತ್ತದೆ ಅಂದೆನಲ್ಲ. ಉಪ್ಪು ಬೆವರು ಹಿಡಿದ ಬಟ್ಟೆ ಕಂಡರೆ ದನ ಬಿಡುವುದಿಲ್ಲ. ದನಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ನಮ್ಮ ದೇಶದಲ್ಲಿ 2006ರಲ್ಲೇ ನಿಲ್ಲಿಸಿದ್ದಾರೆ, ಸತ್ತ ದನ ತಿಂದ ರಣಹದ್ದುಗಳ ಕಿಡ್ನಿ ಹೋಗಿ ಸಂತತಿಯೇ ಬಹುಪಾಲು ಅಳಿಯಿತು ಅಂತ. ಒಂದು ಪಟ್ಟಿಯಿಂದ ಅಷ್ಟಾಗುವುದಿಲ್ಲ, ನಿಜ. ಆದರೆ ಸುಲಿಯುವ ಕಾಲದಲ್ಲಿ ಒಂದು ಊರಿಗೆ ಎಷ್ಟು ಭುಜ ನೋಯುತ್ತವೆ ಅಂತ ನಿಮಗೂ ಗೊತ್ತಲ್ಲ.